ಅರವತ್ತರ ಮೇಲೆ ಬಿಲ್ಲೆ ಹಿಡಿದವನ ಮಾತು

ಹರಿಹರಕ್ಕೆ ಅಂಟಿಕೊಂಡಂತಿರುವ ನಮ್ಮ ಗುತ್ತೂರಿನಲ್ಲಿ ಅರವತ್ತು ದಾಟಿದ ಗಂಡಸು ಬೆಳಗಿನ ಆರು ಗಂಟೆಗೆ ಕಾಣಸಿಗುವ ತಾಣಗಳು ಮೂರೇ: ತುಂಗಭದ್ರೆಯ ದಂಡೆ, ಚಹಾದಂಗಡಿ, ಇಲ್ಲವೇ ವೈದ್ಯರು ಹೇಳಿದ್ದಾರೆಂಬ ಕಾರಣಕ್ಕೆ ಬಿರಬಿರನೆ ನಡೆಯುವ ರಸ್ತೆಯ ಅಂಚು. ಅದೇ ವಯಸ್ಸಿನ ಹೆಂಗಸಿಗೆ ಈ ಮೂರೂ ಇಲ್ಲ. ಅಂಗಳದ ರಂಗೋಲಿಗೆ ಬಗ್ಗಿ ಎದ್ದರೆ ಆಕೆಯ ಬೆಳಗಿನ ವ್ಯಾಯಾಮ ಮುಗಿಯಿತು. ಹೀಗಿರುವಾಗ ಊರಾಚೆಯ ತೋಪಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತು ಬಣ್ಣದ ತಟ್ಟೆಯೊಂದನ್ನು ಹುಣಸೆ ಮರದ ಕಡೆಗೆ ಎಸೆಯುತ್ತಿದ್ದರೆ, ಹಾದುಹೋಗುವವರು ಟ್ರ್ಯಾಕ್ಟರ್ ನಿಲ್ಲಿಸಿ ನೋಡುವುದು ಸಹಜವೇ. ‘ಮೇಷ್ಟ್ರು ಅಮೆರಿಕಕ್ಕೆ ಹೋಗಿ ತಟ್ಟೆ ಒಗೆಯಾದು ಕಲ್ತು ಬಂದಾರೆ’ ಎಂಬ ಮಾತು ಮೊದಲ ವಾರದಲ್ಲೇ ಊರು ಸುತ್ತಿ ನಮ್ಮ ಮನೆಗೂ ಬಂದು ತಲುಪಿತು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಕಲಿತು ಬಂದದ್ದು ಮಾತ್ರ ತೀರಾ ಕಡಿಮೆ ಎಂಬುದಷ್ಟೇ ನನ್ನ ತಕರಾರು.

ಆ ಆಟದ ಹೆಸರು ಡಿಸ್ಕ್ ಗಾಲ್ಫ್. ಗಾಲ್ಫ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೇಲಿ ಹಾಕಿದ ವಿಶಾಲವಾದ ಹಸಿರು, ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವ ಆಳು, ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯುವ ಸಿರಿವಂತರು. ಬೆಂಗಳೂರು ಗಾಲ್ಫ್ ಕ್ಲಬ್ 1876ರಷ್ಟು ಹಿಂದೆಯೇ ಆರಂಭವಾಗಿದ್ದರೂ ಆ ಬೇಲಿಯಾಚೆಯ ಆಟ ನಮ್ಮಂಥವರಿಗೆ ಇಂದಿಗೂ ದೂರದ ನೋಟವೇ. ಡಿಸ್ಕ್ ಗಾಲ್ಫ್ ಅದರಿಂದ ಎರವಲು ಪಡೆದದ್ದು ಲೆಕ್ಕವನ್ನು ಮಾತ್ರ. ಕೋಲು, ಚೆಂಡು, ಕುಳಿಗಳ ಬದಲು ಇಲ್ಲಿ ಕೈಯಿಂದ ಎಸೆಯುವ ಒಂದು ಬಿಲ್ಲೆ, ಸರಪಳಿಗಳನ್ನು ಇಳಿಬಿಟ್ಟ ಒಂದು ಕಬ್ಬಿಣದ ಬುಟ್ಟಿ. ಬಿಲ್ಲೆ ಬಿದ್ದ ಜಾಗಕ್ಕೆ ನಡೆದು ಅಲ್ಲಿಂದಲೇ ಮತ್ತೆ ಎಸೆಯಬೇಕು. ಅತಿ ಕಡಿಮೆ ಎಸೆತಗಳಲ್ಲಿ ಬುಟ್ಟಿ ಮುಟ್ಟಿಸಿದವನು ಗೆದ್ದ. ಇಂಥ ಒಂಬತ್ತೋ ಹದಿನೆಂಟೋ ಗುರಿಗಳನ್ನು ಒಂದಾದ ಮೇಲೊಂದರಂತೆ ಮುಗಿಸಿದರೆ ಒಂದು ಸುತ್ತು. ಓಡುವಂತಿಲ್ಲ, ಡಿಕ್ಕಿಯಿಲ್ಲ, ಎದುರಾಳಿಯ ಕಾಟವಿಲ್ಲ. ‘ಡಿಸ್ಕ್’ ಎಂಬುದನ್ನು ಬಿಲ್ಲೆ ಎಂದದ್ದು ನನ್ನ ಹೆಂಡತಿ. ಅದರ ಹಿನ್ನೆಲೆಯನ್ನು ಮುಂದೆ ಹೇಳುತ್ತೇನೆ.

ನಾವು ಈ ಆಟವನ್ನು ಮೊದಲು ಕಂಡದ್ದು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಉದ್ಯಾನದಲ್ಲಿ. ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಹೋದ ತಂದೆ ತಾಯಿಯರ ಪಾಡು ಈ ಪುಟದ ಓದುಗರಲ್ಲಿ ಅನೇಕರಿಗೆ ಗೊತ್ತಿರುವಂಥದ್ದೇ. ಮೊದಲ ತಿಂಗಳು ಎಲ್ಲವೂ ಬೆರಗು. ಎರಡನೆಯ ತಿಂಗಳು ಕಿಟಕಿ. ಮೂರನೆಯ ತಿಂಗಳು ಕ್ಯಾಲೆಂಡರ್. ಮಾತನಾಡಲು ಜನರಿಲ್ಲದೆ, ಕಾರಿಲ್ಲದೆ ಹೊರಗೆ ಕಾಲಿಡಲಾಗದೆ ನನ್ನವಳು ದಿನದಿಂದ ದಿನಕ್ಕೆ ಮೌನಿಯಾಗುತ್ತಿದ್ದಳು. ಒಂದು ಭಾನುವಾರ ಮಗ ಆ ಉದ್ಯಾನಕ್ಕೆ ಕರೆದೊಯ್ದ. ಎತ್ತರದ ಮರಗಳ ನಡುವಿನಿಂದ ‘ಝಣ್’ ಎಂಬ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಬಳಿಕ ಮತ್ತೊಮ್ಮೆ. ಹತ್ತಿರ ಹೋಗಿ ನೋಡಿದರೆ ಬಿಳಿಗೂದಲಿನ ಹೆಂಗಸೊಬ್ಬರು, ನನ್ನ ಅಂದಾಜಿನಲ್ಲಿ ಎಪ್ಪತ್ತು ದಾಟಿದವರು, ಬುಟ್ಟಿಯಿಂದ ತಮ್ಮ ಬಿಲ್ಲೆಯನ್ನು ಎತ್ತಿಕೊಂಡು ಮುಂದಿನ ಗುರಿಯತ್ತ ಹೊರಟಿದ್ದರು. ಜೊತೆಗಿದ್ದವರು ಇಬ್ಬರು ಹುಡುಗರು. ಶುಲ್ಕವಿಲ್ಲ, ಟಿಕೆಟ್ಟಿಲ್ಲ. ನಾವು ನಿಂತು ನೋಡುವುದನ್ನು ಕಂಡು ಆಕೆ ನನ್ನವಳ ಕೈಗೆ ಒಂದು ಬಿಲ್ಲೆ ಕೊಟ್ಟು, ಎಸೆಯುವಂತೆ ಸನ್ನೆ ಮಾಡಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎಸೆದ ಬಿಲ್ಲೆ ಬುಟ್ಟಿಯನ್ನು ಮುಟ್ಟಲಿಲ್ಲ. ಆದರೆ ಮರಳುವಾಗ ಕಾರಿನಲ್ಲಿ ಅವಳು ಮಾತಾಡಿದಳು, ಮನೆ ಬರುವವರೆಗೂ ಮಾತಾಡಿದಳು. ಊರಿಗೆ ಹೊರಡುವ ದಿನ ಪೆಟ್ಟಿಗೆಯಲ್ಲಿ ಬಾದಾಮಿ, ಚಾಕೊಲೇಟುಗಳ ಜೊತೆ ಮೂರು ಬಿಲ್ಲೆಗಳೂ ಇದ್ದವು.

ಈ ಆಟದ ಚರಿತ್ರೆ ಸ್ವಾರಸ್ಯಕರವಾಗಿದೆ. 1926ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತದ ಬ್ಲಾಡ್‌ವರ್ತ್ ಎಂಬ ಪುಟ್ಟ ಊರಿನ ಶಾಲಾ ಹುಡುಗರು ಡಬ್ಬಿಯ ಮುಚ್ಚಳಗಳನ್ನು ನೆಲದ ಮೇಲೆ ಗೀರಿದ ವೃತ್ತಗಳೊಳಗೆ ಎಸೆಯುವ ಆಟವೊಂದನ್ನು ಕಟ್ಟಿಕೊಂಡಿದ್ದರು. ಅದನ್ನು ‘ಟಿನ್ ಲಿಡ್ ಗಾಲ್ಫ್’ ಎಂದೇ ಕರೆಯುತ್ತಿದ್ದರು. ಹಾರುವ ತಟ್ಟೆಯ ಜನಕನೆನಿಸಿದ ವಾಲ್ಟರ್ ಫ್ರೆಡರಿಕ್ ಮಾರಿಸನ್ ಕೂಡ ಮೊದಲು ಎಸೆದದ್ದು ಪಾಪ್‌ಕಾರ್ನ್ ಡಬ್ಬಿಯ ಮುಚ್ಚಳವನ್ನೇ. ನಮ್ಮ ದಾವಣಗೆರೆಯವರು ಮಂಡಕ್ಕಿ ಡಬ್ಬಿಯ ಮುಚ್ಚಳಕ್ಕೆ ಈ ಗೌರವ ಕೊಡದೆ ಹೋದದ್ದು ನನಗೆ ಸಣ್ಣ ಕೊರಗು. ಮುಚ್ಚಳ ನೆಗ್ಗಿದ ಮೇಲೆ ಮಾರಿಸನ್ ಕೇಕ್ ಬೇಯಿಸುವ ತಟ್ಟೆಗಳನ್ನು ಎಸೆಯತೊಡಗಿದ. ಕ್ಯಾಲಿಫೋರ್ನಿಯಾದ ಕಡಲ ದಂಡೆಯಲ್ಲಿ ಅವನ್ನೇ ಮಾರಿದ. ಮುಂದೆ ಪ್ಲಾಸ್ಟಿಕ್ಕಿನಲ್ಲಿ ರೂಪಿಸಿದ ತಟ್ಟೆಯ ಹಕ್ಕನ್ನು 1957ರಲ್ಲಿ ವ್ಯಾಮ್-ಓ ಕಂಪನಿಗೆ ಕೊಟ್ಟ. ಅದು ಫ್ರಿಸ್ಬಿ ಎಂದು ಹೆಸರಾಯಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ತಟ್ಟೆಯ ಮೇಲ್ಮೈಯಲ್ಲಿ ಸಣ್ಣ ವರ್ತುಲಾಕಾರದ ಗೆರೆಗಳನ್ನು ಎಬ್ಬಿಸಿ ಅದರ ಹಾರಾಟವನ್ನು ಸ್ಥಿರಗೊಳಿಸಿದವನು. 1975ರಲ್ಲಿ ಲಾಸ್ ಏಂಜಲೀಸ್ ಸಮೀಪದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ವ್ಯವಸ್ಥಿತ ಡಿಸ್ಕ್ ಗಾಲ್ಫ್ ಅಂಗಳವನ್ನು ರೂಪಿಸಿದವನೂ, ಸರಪಳಿಯ ಬುಟ್ಟಿಯನ್ನು ಕಂಡುಹಿಡಿದವನೂ ಅವನೇ. 1976ರಲ್ಲಿ ಈ ಆಟಕ್ಕೊಂದು ವೃತ್ತಿಪರ ಸಂಘವೂ ಹುಟ್ಟಿಕೊಂಡಿತು. 2002ರಲ್ಲಿ ತೀರಿಕೊಂಡ ಹೆಡ್ರಿಕ್‌ನ ಇಚ್ಛೆಯಂತೆ ಅವನ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಬಿಲ್ಲೆಗಳನ್ನು ಎರಕ ಹೊಯ್ದರು. ಇದನ್ನು ಕೇಳಿದ ನನ್ನವಳು, ‘ಹೊಳೇಲಿ ಬಿಡೋದಕ್ಕಿಂತ ಇದೇ ವಾಸಿ ಅಲ್ವೇನ್ರೀ?’ ಎಂದಳು.

ಇಂದು ಜಗತ್ತಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಡಿಸ್ಕ್ ಗಾಲ್ಫ್ ಅಂಗಳಗಳಿವೆ. ಅಮೆರಿಕ ಬಿಟ್ಟರೆ ಫಿನ್ಲೆಂಡ್, ಎಸ್ಟೋನಿಯದಂಥ ಪುಟ್ಟ ದೇಶಗಳಲ್ಲಿ ಇದರ ಹುಚ್ಚು ಹೆಚ್ಚು. 2022 ಮತ್ತು 2023ರಲ್ಲಿ ಮಹಿಳೆಯರ ವಿಶ್ವ ಪಟ್ಟ ಗೆದ್ದ ಕ್ರಿಸ್ಟಿನ್ ತಟ್ಟರ್ ಎಸ್ಟೋನಿಯದವಳು. ಹಾರುವ ತಟ್ಟೆ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನ ಮೈದಾನಗಳಲ್ಲಿ ‘ಅಲ್ಟಿಮೇಟ್’ ಎಂಬ ತಂಡದ ಆಟವನ್ನು ಯುವಕ ಯುವತಿಯರು ಜೊತೆಯಾಗಿ ಆಡುತ್ತಾರೆ. ಆದರೆ ಅದು ಓಟದ ಆಟ. ಮೊಣಕಾಲು ಚೆನ್ನಾಗಿರುವವರ ಆಟ. ಡಿಸ್ಕ್ ಗಾಲ್ಫ್ ಪಂದ್ಯಗಳಲ್ಲಿ ಅರವತ್ತು ಮೀರಿದವರಿಗೆ, ಎಪ್ಪತ್ತು ಮೀರಿದವರಿಗೆ, ಎಂಬತ್ತು ಮೀರಿದವರಿಗೂ ಬೇರೆ ಬೇರೆ ವಿಭಾಗಗಳಿವೆ. ಈ ಸಂಗತಿಯನ್ನು ಓದಿದ ದಿನ ನಾನಿನ್ನೂ ಕಿರಿಯರ ಸಾಲಿನಲ್ಲೇ ಇದ್ದೇನೆಂದು ಖುಷಿಪಟ್ಟೆ.

ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಕೋನೀಯ ಸಂವೇಗವನ್ನು ವಿವರಿಸಲು ತರಗತಿಗೆ ಬುಗುರಿ ಒಯ್ದು ಮೇಜಿನ ಮೇಲೆ ತಿರುಗಿಸುತ್ತಿದ್ದವನು. ಆದ್ದರಿಂದ ಬಿಲ್ಲೆ ನನ್ನ ಮಾತು ಕೇಳುತ್ತದೆಂಬ ಜಂಬವಿತ್ತು. ತೋಪಿನ ಮೊದಲ ದಿನ, ಮೂರು ಬಿಲ್ಲೆಗಳ ಪೈಕಿ ಅಂಚು ಹರಿತವಾಗಿದ್ದ, ನೋಡಲು ಚಂದವಾಗಿದ್ದ ಬಿಲ್ಲೆಯನ್ನು ಆರಿಸಿ, ತೋಳಿನ ಬಲವೆಲ್ಲ ಕೂಡಿಸಿ ಬೀಸಿದೆ. ಅದು ಆಕಾಶ ನೋಡುತ್ತ ಮೇಲೇರಿತು, ಅಲ್ಲೇ ಒಂದು ಕ್ಷಣ ನಿಂತಿತು, ಎಡಕ್ಕೆ ವಾಲಿ ನನ್ನಿಂದ ಹದಿನೈದು ಹೆಜ್ಜೆ ದೂರದಲ್ಲಿ ದೊಪ್ಪನೆ ಬಿತ್ತು. ಎರಡನೆಯದೂ ಹಾಗೆಯೇ. ಇಪ್ಪತ್ತನೆಯದೂ ಹಾಗೆಯೇ. ಮರುದಿನ ಭುಜ ಎತ್ತಲಾಗಲಿಲ್ಲ.

ನಾನು ಮಾಡಿದ ತಪ್ಪುಗಳು ಹೊಸಬರೆಲ್ಲರೂ ಮಾಡುವಂಥವೇ ಎಂದು ಆಮೇಲೆ ತಿಳಿಯಿತು. ಮೊದಲನೆಯದು ಬಿಲ್ಲೆಯ ಆಯ್ಕೆ. ಗಾಲ್ಫ್ ಬಿಲ್ಲೆ ಮಕ್ಕಳ ಫ್ರಿಸ್ಬಿಗಿಂತ ಚಿಕ್ಕದು, ಹೆಚ್ಚು ಗಟ್ಟಿ. ಅಡ್ಡಳತೆ ಸುಮಾರು 21 ಸೆಂಟಿಮೀಟರ್, ತೂಕ ಸಾಮಾನ್ಯವಾಗಿ 150ರಿಂದ 180 ಗ್ರಾಂ. ಅವುಗಳಲ್ಲಿ ಮೂರು ಬಗೆ. ದೂರ ಎಸೆಯಲು ‘ಡ್ರೈವರ್’, ನಡುವಣ ಅಂತರಕ್ಕೆ ‘ಮಿಡ್‌ರೇಂಜ್’, ಬುಟ್ಟಿಯ ಬಳಿಯಿಂದ ಎಸೆಯಲು ‘ಪಟರ್’. ಡ್ರೈವರಿನ ಅಂಚು ಅಗಲವಾಗಿ, ಹರಿತವಾಗಿ ಇರುತ್ತದೆ. ಅದು ಸರಿಯಾಗಿ ಹಾರಬೇಕಾದರೆ ವಿಪರೀತ ವೇಗ ಬೇಕು. ಆ ವೇಗ ಹೊಸಬನ ಕೈಯಲ್ಲಿರುವುದಿಲ್ಲ. ಅನೇಕ ಬಿಲ್ಲೆಗಳ ಮೇಲೆ ನಾಲ್ಕು ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಅವು ಕ್ರಮವಾಗಿ ಬಿಲ್ಲೆ ಬೇಡುವ ವೇಗ, ಅದು ತೇಲುವ ಗುಣ, ಹಾರಾಟದ ಮೊದಲ ಭಾಗದಲ್ಲಿ ಹೊರಳುವ ಪ್ರಮಾಣ, ಕೊನೆಯಲ್ಲಿ ಬಾಗುವ ಪ್ರಮಾಣ. ನಮ್ಮಲ್ಲಿದ್ದ ಪಟರಿನ ಮೇಲೆ 2, 3, 0, 1 ಎಂದಿತ್ತು. ನಾನು ಹೆಣಗಾಡಿದ ಡ್ರೈವರಿನ ಮೊದಲ ಅಂಕಿ 12. ಹೊಸದಾಗಿ ಆಡುವವರಿಗೆ ನನ್ನದೊಂದೇ ಖಚಿತ ಸಲಹೆ: ಮೊದಲ ಆರು ತಿಂಗಳು ಪಟರ್ ಒಂದನ್ನೇ ಎಸೆಯಿರಿ, ಹೆಚ್ಚೆಂದರೆ ಮಿಡ್‌ರೇಂಜ್ ಒಂದನ್ನು. ಡ್ರೈವರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ವಿದೇಶದಿಂದ ಬರುವವರ ಕೈಯಲ್ಲಿ ತರಿಸುವುದಾದರೆ ಒಂದು ಬಿಲ್ಲೆಗೆ ಹತ್ತು ಹದಿನೈದು ಡಾಲರ್ ಬೀಳುತ್ತದೆ. ಅದೂ ಬೇಡವೆಂದರೆ ಆಟದ ಸಾಮಾನಿನ ಅಂಗಡಿಯ ಫ್ರಿಸ್ಬಿಯಲ್ಲೇ ಶುರುಮಾಡಬಹುದು. ದೂರ ಹೋಗದು, ಆದರೆ ಕೈ ಪಳಗುತ್ತದೆ.

ಎರಡನೆಯ ತಪ್ಪು ಬಿಲ್ಲೆಯ ಮೂಗು ಮೇಲೆತ್ತುವುದು. ಬಿಲ್ಲೆಯ ಮುಂದಿನ ಅಂಚು ಕೂದಲೆಳೆಯಷ್ಟು ಮೇಲಾದರೂ ಗಾಳಿ ಅದರ ಹೊಟ್ಟೆಗೆ ಬಡಿದು ಎತ್ತಿ ನಿಲ್ಲಿಸಿಬಿಡುತ್ತದೆ. ತುಂಬಿದ ಸಾರಿನ ಬಟ್ಟಲನ್ನು ಚೆಲ್ಲದಂತೆ ಎದೆಯ ಮಟ್ಟದಲ್ಲಿ ಅಡ್ಡಲಾಗಿ ಎಳೆದಂತೆ ಕೈ ಬರಬೇಕು. ನಾಲ್ಕು ಬೆರಳು ಅಂಚಿನ ಕೆಳಗೆ, ಹೆಬ್ಬೆರಳು ಮೇಲೆ. ಮೊಣಕೈ ಮುಂದೆ, ಮಣಿಕಟ್ಟು ಹಿಂದೆ. ಬಲ ಬರಬೇಕಾದದ್ದು ತೋಳಿನಿಂದಲ್ಲ, ನೆಲದಿಂದ: ಕಾಲು, ಸೊಂಟ, ಭುಜ, ಕೊನೆಗೆ ಕೈ. ಕೊಡಲಿಯಿಂದ ಸೌದೆ ಒಡೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸೀಮೆಸುಣ್ಣ ಹಿಡಿದು ಬದುಕಿದವನಿಗೆ ಇದು ಮೈಗೂಡಲು ತಿಂಗಳುಗಳೇ ಹಿಡಿದವು. ಇನ್ನು ಮೂರನೆಯದು, ತಿರುಗಣೆ. ಬುಗುರಿಯ ಜಾಳಿಗೆಯನ್ನು ಕೊನೆಯ ಕ್ಷಣದಲ್ಲಿ ಫಕ್ಕನೆ ಎಳೆಯುತ್ತೇವಲ್ಲ, ಅದೇ ಜಾಣ್ಮೆ ಮಣಿಕಟ್ಟಿಗೆ ಬೇಕು. ತಿರುಗದ ಬಿಲ್ಲೆ ಗಾಳಿಯಲ್ಲಿ ತರಗೆಲೆ.

ಇಲ್ಲಿ ಮೇಷ್ಟರ ಮಾತು ಸ್ವಲ್ಪ ಸಹಿಸಿಕೊಳ್ಳಬೇಕು. ಬಲಗೈಯವನು ಎದೆಯ ಮುಂದಿನಿಂದ ಎಸೆದ ಬಿಲ್ಲೆ ಕೊನೆಯಲ್ಲಿ ಏಕೆ ಯಾವಾಗಲೂ ಎಡಕ್ಕೇ ಬಾಗುತ್ತದೆ? ವೇಗವಾಗಿ ಹೋಗುವಾಗ ಗಾಳಿಯ ಎತ್ತುವ ಬಲ ಬಿಲ್ಲೆಯ ನಡುವಿಗಿಂತ ಹಿಂದೆ ಬೀಳುತ್ತದೆ. ವೇಗ ತಗ್ಗಿದಂತೆ ಅದು ಮುಂದಕ್ಕೆ ಸರಿದು ಮೂಗನ್ನು ಮೇಲೆತ್ತಲು ನೋಡುತ್ತದೆ. ಆದರೆ ತಿರುಗುವ ವಸ್ತುವನ್ನು ನೀವು ಒಂದು ಕಡೆಗೆ ನೂಕಿದರೆ ಅದು ಕಾಲು ಸುತ್ತಿನಾಚೆ ಪ್ರತಿಕ್ರಿಯಿಸುತ್ತದೆ. ಹಾಗಾಗಿ ಮೂಗು ಏಳುವ ಬದಲು ಎಡ ಮಗ್ಗುಲು ತಗ್ಗುತ್ತದೆ. ಬುಗುರಿ ವಾಲುವುದು ತಿರುಗಣೆ ಇಳಿದಾಗ. ಬಿಲ್ಲೆ ವಾಲುವುದು ಮುನ್ನುಗ್ಗುವ ವೇಗ ಇಳಿದಾಗ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬಾಣದ ಗುರುತು ಹಾಕಿ ಹೇಳಿದ ಸಂಗತಿ ನನಗೆ ನಿಜವಾಗಿ ಅರ್ಥವಾದದ್ದು ಆ ಹುಣಸೆ ಮರದ ಕೆಳಗೆ. ಗುರಿಯ ಬಲಬದಿಗೆ ಎಸೆದರೆ ಬಿಲ್ಲೆ ತಾನೇ ಮರದ ಬುಡಕ್ಕೆ ಬಂದು ಮಲಗುತ್ತದೆ ಎಂಬುದು ತಿಳಿದ ಮೇಲೆ ಆಟ ಬೇರೆಯೇ ಆಯಿತು.

ಮತ್ತೊಂದು ಎಸೆತ ಉಂಟು. ಕೈಯನ್ನು ಪಕ್ಕಕ್ಕೆ ತಂದು, ಅಂಗೈ ಮೇಲಾಗಿ, ಎರಡು ಬೆರಳಿನಿಂದ ಚಿಮ್ಮಿಸುವುದು. ಅದನ್ನು ಕಲಿಯಲು ನನಗೆ ಒಂದು ಬೆಳಗೂ ಬೇಕಾಗಲಿಲ್ಲ. ಹೊಳೆಯ ದಂಡೆಯಲ್ಲಿ ಬೆಳೆದ ಹುಡುಗರೆಲ್ಲ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕಪ್ಪೆಯಂತೆ ಕುಪ್ಪಳಿಸುವ ಹಾಗೆ ಎಸೆದವರೇ. ಐವತ್ತು ವರ್ಷದ ಹಿಂದೆ ತುಂಗಭದ್ರೆ ಕಲಿಸಿದ್ದನ್ನು ಕೈ ಮರೆತಿರಲಿಲ್ಲ. ಈ ಎಸೆತ ಕೊನೆಯಲ್ಲಿ ಬಲಕ್ಕೆ ಬಾಗುತ್ತದೆ. ಎಡಕ್ಕೊಂದು, ಬಲಕ್ಕೊಂದು: ಮರಗಳ ನಡುವೆ ದಾರಿ ಹುಡುಕಲು ಇಷ್ಟು ಸಾಕು.

ಇನ್ನು ಬಿಲ್ಲೆ ಎಂಬ ಹೆಸರಿನ ಮಾತು. ದೂರದ ಎಸೆತದಲ್ಲಿ ನಾನು ಮುಂದೆ. ಆದರೆ ಗುರಿಯಿಂದ ಹತ್ತು ಮೀಟರಿನೊಳಗೆ ಬಂದರೆ ನನ್ನವಳನ್ನು ಸೋಲಿಸುವುದು ಕಷ್ಟ. ಬಲಗಾಲು ಮುಂದಿಟ್ಟು, ಒಂದಿಷ್ಟು ತೂಗಿ, ಕಣ್ಣು ಕದಲಿಸದೆ ಮೆಲ್ಲಗೆ ಬಿಡುತ್ತಾಳೆ. ಇದೆಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ, ‘ಕುಂಟೆಬಿಲ್ಲೆ ಆಡಿದವರಿಗೆ ಇದೇನ್ರೀ ಮಹಾ? ಗೆರೆ ಮುಟ್ಟದ ಹಾಗೆ ಏಳನೇ ಮನೆಗೆ ಹೆಂಚಿನ ಚೂರು ಹಾಕ್ತಿದ್ದೆ’ ಎಂದಳು. ಹನ್ನೆರಡು ವರ್ಷಕ್ಕೆ ಅವಳ ಆಟ ನಿಂತಿತ್ತು. ನಿಲ್ಲಿಸಿದವರು ಯಾರೂ ಕೆಟ್ಟವರಲ್ಲ. ಊರಿನ ಎಲ್ಲ ಹೆಣ್ಣುಮಕ್ಕಳಿಗೂ ಹಾಗೆಯೇ ನಿಲ್ಲುತ್ತಿತ್ತು. ವೈದ್ಯರು ನಡೆಯಿರೆಂದು ಹೇಳಿ ಎಷ್ಟೋ ವರ್ಷಗಳಾಗಿದ್ದವು. ಎಲ್ಲಿಗೂ ಹೋಗದೆ ಸುಮ್ಮನೆ ನಡೆಯುವುದೆಂದರೆ ಅವಳಿಗೆ ಸೋಮಾರಿತನ, ಅದೂ ಜನ ನೋಡುವಾಗ. ಈಗ ಬಿಲ್ಲೆ ಬಿದ್ದ ಕಡೆಗೆ ನಡೆಯಲೇಬೇಕು. ಒಂಬತ್ತು ಗುರಿಗಳ ಎರಡು ಸುತ್ತು ಮುಗಿಸುವಷ್ಟರಲ್ಲಿ ಮೂರು ಕಿಲೋಮೀಟರ್ ಆಗಿರುತ್ತದೆ. ಅದನ್ನು ನಡಿಗೆಯೆಂದು ಅವಳು ಇಂದಿಗೂ ಒಪ್ಪುವುದಿಲ್ಲ. ಮೊದಲು ಹಸಿ ಹುಲ್ಲಿನ ಹೊರೆ ಹೊತ್ತು ಹೋಗುವಾಗ ನಿಂತು ನಗುತ್ತಿದ್ದ ಇಬ್ಬರು ಹೆಂಗಸರು ಈಗ ಹೊರೆ ಇಳಿಸಿ ಒಂದೆರಡು ಬಾರಿ ಎಸೆದು ಹೋಗುತ್ತಾರೆ. ಅವರ ಕೈಯೂ ಚೆನ್ನಾಗಿದೆ.

ನಾವು ಮೊದಲು ಆಡಿದ್ದು ಬುಟ್ಟಿಯಿಲ್ಲದೆ. ಅಮೆರಿಕದಲ್ಲೂ ಈ ಆಟ ಆರಂಭವಾದದ್ದು ಮರ, ಕಂಬ, ಕಸದ ಡಬ್ಬಿಗಳನ್ನು ಗುರಿಯಾಗಿಸಿಕೊಂಡೇ. ಆದರೆ ಮರಕ್ಕೆ ಮತ್ತೆ ಮತ್ತೆ ಬಡಿದರೆ ತೊಗಟೆ ಗಾಯಗೊಳ್ಳುತ್ತದೆ. ಅಲ್ಲಿನ ಹಳೆಯ ಅಂಗಳಗಳ ಬಗ್ಗೆ ಈ ದೂರು ಇದ್ದೇ ಇದೆ. ಅದಕ್ಕಾಗಿ ಗುರಿಯ ಮರಗಳ ಸೊಂಟಕ್ಕೆ ಹಳೆಯ ಗೋಣಿಚೀಲ ಸುತ್ತಿ ಸಡಿಲವಾಗಿ ಹಗ್ಗ ಕಟ್ಟಿದೆವು. ಗೋಣಿಗೆ ಬಡಿದರೆ ‘ದಬ್’ ಎಂಬ ಸದ್ದು. ಅದೇ ನಮ್ಮ ಝಣ್‌ಕಾರ. ನಾಲ್ಕು ತಿಂಗಳ ನಂತರ ನಿಜವಾದ ಬುಟ್ಟಿಯೂ ಬಂತು. ಹರಿಹರ ಒಂದು ಕಾಲಕ್ಕೆ ಲೇತ್ ಯಂತ್ರಗಳ ಊರು. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕಗಳ ಮೇಲಾದರೂ, ಅಲ್ಲಿ ಪಳಗಿದ ಕೈಗಳು ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಇನ್ನೂ ಇವೆ. ಅಂಥ ಹಿರಿಯರೊಬ್ಬರ ಮುಂದೆ ಚಿತ್ರ ಹರಡಿದೆ: ನೆಲದಿಂದ ಬುಟ್ಟಿಯ ಬಾಯಿಗೆ 82 ಸೆಂಟಿಮೀಟರ್, ಮೇಲೊಂದು ಬಳೆ, ಅದರಿಂದ ಇಳಿಬಿದ್ದು ಕಂಬಕ್ಕೆ ಸೇರುವ ಸರಪಳಿಗಳು. ಅವರು ಕನ್ನಡಕ ಸರಿಸಿ ನೋಡಿ, ‘ಸರ, ಇದಕ್ಕ ಹೊಸಾ ಕಬ್ಬಿಣ ಯಾಕ್ರಿ? ಎರಡು ಸೈಕಲ್ ರಿಮ್ಮು ಸಾಕು’ ಎಂದರು. ಬುಟ್ಟಿಯ ಬಾಯಿಗೆ ದೊಡ್ಡ ಸೈಕಲ್ಲಿನ ರಿಮ್ಮು, ಸರಪಳಿಯ ಬಳೆಗೆ ಚಿಕ್ಕದು. ಎರಡೂ ಅಳೆದಂತೆ ಕೂತವು. ಮಜೂರಿಯೂ ಸೇರಿ ಎರಡೂವರೆ ಸಾವಿರ ರೂಪಾಯಿ ಆಯಿತು. ಬೆಸುಗೆ ಮುಗಿದ ಮೇಲೆ ಅವರೇ ಮೊದಲ ಬಿಲ್ಲೆ ಎಸೆದು, ಸರಪಳಿಯ ಸದ್ದು ಕೇಳಿ, ಒಂದು ಕೊಂಡಿ ಬಿಚ್ಚಿ ಮತ್ತೆ ಸಡಿಲಗೊಳಿಸಿದರು. ಸರಪಳಿ ಬಿಗಿಯಾಗಿದ್ದರೆ ಬಿಲ್ಲೆ ಪುಟಿದು ಹೊರಬೀಳುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಿಯಮಗಳು ಬಹಳವಿಲ್ಲ. ಗುರಿಯಿಂದ ಹೆಚ್ಚು ದೂರದಲ್ಲಿರುವವರದು ಮೊದಲ ಎಸೆತ. ಹತ್ತು ಮೀಟರಿನೊಳಗಿನಿಂದ ಎಸೆದಾಗ ಮುಗ್ಗರಿಸಿ ಮುಂದೆ ಹೆಜ್ಜೆ ಇಡುವಂತಿಲ್ಲ. ಗಡಿಯಾಚೆ ಬಿದ್ದರೆ ಒಂದು ಎಸೆತದ ದಂಡ. ಕಳೆದ ಬಿಲ್ಲೆಯನ್ನು ಮೂರು ನಿಮಿಷ ಹುಡುಕಬಹುದು, ಸಿಗದಿದ್ದರೆ ಅದಕ್ಕೂ ದಂಡ. ಮರದಲ್ಲಿ ಸಿಕ್ಕಿಕೊಂಡರೆ ಅದರ ನೇರ ಕೆಳಗಿನ ನೆಲದಿಂದ ಮುಂದಿನ ಎಸೆತ. ಬಿಲ್ಲೆಯನ್ನು ಇಳಿಸಲು ನಮ್ಮಲ್ಲಿ ಹುಣಸೆಕಾಯಿ ಕೀಳುವ ದೋಟಿ ಇದೆ. ಹೊಳೆಯ ಕಡೆಯ ಬಳ್ಳಾರಿ ಜಾಲಿಯ ಮುಳ್ಳುಗಾಡು ನಮ್ಮ ಗಡಿ. ಅಲ್ಲಿ ಬಿದ್ದದ್ದನ್ನು ತರಲು ಹೋದರೆ ದಂಡವನ್ನು ಜಾಲಿಯೇ ವಸೂಲಿ ಮಾಡುತ್ತದೆ. ಪುಸ್ತಕದಲ್ಲಿ ಇಲ್ಲದ ನಮ್ಮದೇ ನಿಯಮ ಒಂದುಂಟು: ದನ, ಮಕ್ಕಳು, ದಾರಿಹೋಕರು ಯಾರೇ ಕಂಡರೂ ಕೈ ಕೆಳಗೆ. ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಹಣೆಗೆ ಬಡಿದರೆ ಹೊಲಿಗೆ ಖಂಡಿತ. ಒಮ್ಮೆ ನನ್ನ ಎಸೆತ ಎಮ್ಮೆಯೊಂದರ ಕೊಂಬಿನ ಮೇಲಿಂದ ಹಾದುಹೋಗಿ, ಎಮ್ಮೆಗಿಂತ ನಾನೇ ಹೆಚ್ಚು ಬೆದರಿದ್ದೆ. ವಿದ್ಯುತ್ ತಂತಿಗಳ ಬಳಿ ಆಟ ಕೂಡದು. 400 ಕಿಲೋವೋಲ್ಟ್ ಉಪಕೇಂದ್ರದಿಂದ ಹೆಸರಾದ ಗುತ್ತೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಷಾಢ ಬಂದಾಗ ಆಟವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಪಡುವಣದಿಂದ ಬೀಸುವ ಆ ಗಾಳಿಯಲ್ಲಿ ಹುಡುಗರ ಗಾಳಿಪಟಗಳು ಏರುತ್ತವೆ, ನಮ್ಮ ಬಿಲ್ಲೆಗಳು ಹಳ್ಳ ಹಿಡಿಯುತ್ತವೆ. ಎದುರುಗಾಳಿಗೆ ಎಸೆದ ಬಿಲ್ಲೆಯ ಮೇಲೆ ಗಾಳಿಯ ಹೊಡೆತ ಹೆಚ್ಚು. ಇರುವುದಕ್ಕಿಂತ ವೇಗವಾಗಿ ಹಾರುತ್ತಿರುವಂತೆ ವರ್ತಿಸಿ ಅದು ಬಲಕ್ಕೆ ಹೊರಳಿ ನೆಲ ಕಚ್ಚುತ್ತದೆ. ಬೆನ್ನಿಗೆ ಗಾಳಿಯಿದ್ದರೆ ಬೇಗನೆ ಎಡಕ್ಕೆ ಬಾಗುತ್ತದೆ. 2016ರಲ್ಲಿ ನೆವಾಡದ ಮರುಭೂಮಿಯಲ್ಲಿ ಡೇವಿಡ್ ವಿಗಿನ್ಸ್ ಜೂನಿಯರ್ ಎಂಬಾತ 338 ಮೀಟರ್ ಎಸೆದು ದಾಖಲೆ ಮಾಡಿದ್ದು ಗಾಳಿಯನ್ನು ಜೊತೆಗಿಟ್ಟುಕೊಂಡೇ. ನನ್ನ ದಾಖಲೆ ನಲವತ್ತೆರಡು. ಅದೂ ಹೆಜ್ಜೆಯಲ್ಲಿ ಅಳೆದದ್ದು. ಅದೇ ಆಷಾಢದ ಒಂದು ಬೆಳಗ್ಗೆ ಬಿಲ್ಲೆ ತೋಪು ದಾಟಿ ಪಕ್ಕದ ನಾಟಿ ಮಾಡಿದ ಗದ್ದೆಗೆ ಹೋಗಿ ಬಿತ್ತು. ಪಂಚೆ ಎತ್ತಿ ಬದು ಇಳಿಯುತ್ತಿದ್ದವನನ್ನು ಗದ್ದೆಯ ರೈತ ತಡೆದ. ‘ಗದ್ದ್ಯಾಗೆ ಕಾಲಿಡಬ್ಯಾಡ್ರಿ ಮೇಷ್ಟ್ರೇ, ಸಸಿ ತುಳೀತೀರಿ. ನಾನೇ ತಂದ್ಕೊಡ್ತೀನಿ’ ಎಂದು ಸಾಲಿನ ನಡುವೆ ಹೆಜ್ಜೆ ಹಾಕಿ ಹೋಗಿ ಕೆಸರು ಒರೆಸಿ ಕೊಟ್ಟ. ನಾಚಿಕೆಯಾಯಿತು. ಮರುದಿನವೇ ಆ ಗುರಿಯ ದಿಕ್ಕು ಬದಲಿಸಿದೆವು.

ದಿಕ್ಕು ಬದಲಿಸಲು ಜಾಗವಿತ್ತು ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ಕ್ರಿಕೆಟ್ಟಿಗೆ ಮರ ಕಡಿದು ನೆಲ ಸಮ ಮಾಡಬೇಕು. ಗಾಲ್ಫಿಗೆ ಹುಲ್ಲು ಹಾಸಿ ನೀರು ಕುಡಿಸಬೇಕು. ಈ ಆಟಕ್ಕೆ ತೋಪು ಇದ್ದ ಹಾಗೆಯೇ ಇರಬೇಕು. ಅಡ್ಡ ನಿಂತ ಮರವೇ ಆಟದ ರುಚಿ; ಅದರ ಎಡಕ್ಕೆ ಹೋಗಲೋ ಬಲಕ್ಕೆ ಹೋಗಲೋ ಎಂಬ ಲೆಕ್ಕಾಚಾರವೇ ಆಟ. ಹುಣಸೆ, ಬೇವು, ಹೊಂಗೆ, ಮಾವುಗಳಿರುವ ಇಂಥ ಗುಂಡುತೋಪುಗಳನ್ನು ದಾರಿಹೋಕರ ನೆರಳಿಗೆಂದು, ಊರ ದನಗಳ ತಂಗುದಾಣಕ್ಕೆಂದು ಹಿಂದಿನವರು ನೆಟ್ಟರು. ಕ್ರೀಡಾಂಗಣ ಮಂಜೂರಾಗಲಿಲ್ಲವೆಂದು ಕೊರಗುವ ಎಷ್ಟೋ ಊರುಗಳ ಅಂಚಿನಲ್ಲಿ ಹದಿನೆಂಟು ಗುರಿಗಳಿಗೆ ಸಾಲುವ ನೆರಳು ಬಿದ್ದಿದೆ. ಅಥವಾ ಬಿದ್ದಿತ್ತು.

ಕಳೆದ ಮಾಗಿಯಲ್ಲಿ ನಮ್ಮ ತೋಪಿನ ಈಶಾನ್ಯ ಮೂಲೆಗೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದಿದ್ದಾರೆ. ಒಂಬತ್ತು ಗುರಿಗಳಲ್ಲಿ ಎರಡು ತಂತಿಯೊಳಗೆ ಹೋದವು. ಯಾರು, ಯಾವ ಆದೇಶದಿಂದ ಎಂದು ವಿಚಾರಿಸಿದರೆ ಒಬ್ಬರು ಇನ್ನೊಬ್ಬರ ಕಡೆಗೆ ಕೈ ತೋರಿಸುತ್ತಾರೆ. ಕಾನೂನು ಇಲ್ಲವೆಂದಲ್ಲ. 1964ರ ಭೂಕಂದಾಯ ಕಾಯ್ದೆ ಗೋಮಾಳಕ್ಕೂ ಇತರ ಸಾರ್ವಜನಿಕ ಉದ್ದೇಶಗಳಿಗೂ ಸರ್ಕಾರಿ ಜಮೀನನ್ನು ಮೀಸಲಿಡಲು ಅವಕಾಶ ಕೊಟ್ಟಿದೆ. ಪಟ್ಟಣಗಳಿಗಾಗಿ ಉದ್ಯಾನ, ಆಟದ ಮೈದಾನ ಹಾಗೂ ಮುಕ್ತ ಪ್ರದೇಶಗಳ ಸಂರಕ್ಷಣೆಯ ಕಾಯ್ದೆ 1985ರಿಂದಲೇ ಇದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದಲ್ಲಿ, ಗ್ರಾಮಗಳ ಸಾಮುದಾಯಿಕ ಭೂಮಿಯ ಒತ್ತುವರಿ ತೆರವುಗೊಳಿಸಲು ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು. ಇವೆಲ್ಲವನ್ನೂ ಬರೆದು, ಪಹಣಿಯ ಪ್ರತಿ ಲಗತ್ತಿಸಿ ಅರ್ಜಿ ಕೊಟ್ಟಿದ್ದೇನೆ. ಅರ್ಜಿಗೆ ಸಹಿ ಹಾಕಿದವರು ಮೂವತ್ತೊಂದು ಮಂದಿ. ಅದರಲ್ಲಿ ಹುಲ್ಲಿನ ಹೊರೆಯ ಆ ಇಬ್ಬರು ಹೆಂಗಸರೂ, ಗದ್ದೆಯ ರೈತನೂ, ಬುಟ್ಟಿ ಮಾಡಿಕೊಟ್ಟ ಹಿರಿಯರೂ ಇದ್ದಾರೆ. ಬುಟ್ಟಿಯಿಲ್ಲದ, ಮೈದಾನವಿಲ್ಲದ, ಅನುದಾನವಿಲ್ಲದ ಕೋರಿಕೆ ನಮ್ಮದು: ತೋಪನ್ನು ತೋಪೆಂದೇ ಬರೆದಿಡಿ, ತಂತಿ ಬಿಚ್ಚಿಸಿ. ಹಿಂಬರಹ ಇನ್ನೂ ಬಂದಿಲ್ಲ.

ಸದ್ಯಕ್ಕೆ ಏಳೇ ಗುರಿಗಳ ಆಟ ನಡೆದಿದೆ. ಆರನೆಯದನ್ನು ತಂತಿಯ ಹೊರಗಿನಿಂದ ಸುತ್ತಿ ಬರುವಂತೆ ಹೊಸದಾಗಿ ಗುರುತು ಮಾಡಿದ್ದೇವೆ. ಕಲ್ಲಿನ ಮೇಲೆ ಕಲ್ಲಿಟ್ಟು ಎಸೆಯುವ ಜಾಗ ತೋರಿಸಿದ್ದೇವೆ. ಕಳೆದ ಭಾನುವಾರ ಅದನ್ನು ನಾನು ಐದು ಎಸೆತಗಳಲ್ಲಿ ಮುಗಿಸಿದೆ. ನನ್ನವಳು ನಾಲ್ಕರಲ್ಲಿ ಮುಗಿಸಿ, ಬುಟ್ಟಿಯಿಂದ ಬಿಲ್ಲೆ ಎತ್ತಿಕೊಂಡು, ತಂತಿಯಾಚೆಯ ಬೇವಿನ ಮರದ ಮೇಲಿನ ಗೋಣಿಚೀಲ ಮಳೆಗೆ ಹರಿದಿರುವುದನ್ನು ನೋಡಿದಳು. ‘ಬರುವ ವಾರ ಒಂದು ಹೊಸಾ ಚೀಲ ತಗೊಂಡ್ಬನ್ನಿ, ಇರಲಿ’ ಎಂದಳು.